ಯುಸಿಗೆ ಟ್ರಾನ್ಸ್‌ಫರ್: ಕಮ್ಯುನಿಟಿ ಕಾಲೇಜಿನಲ್ಲಿ ಯಾವ ಕೋರ್ಸು ಮೊದಲು, ಯಾವುದು ಆಮೇಲೆ

ಕ್ಯುಪರ್ಟಿನೊ, ಸನಿವೇಲ್ ಸುತ್ತಲಿನ ಕನ್ನಡದ ಮನೆಗಳಲ್ಲಿ ಡಿ ಆಂಜಾ ಅಥವಾ ಫುಟ್‌ಹಿಲ್ ಎಂಬ ಎರಡು ವರ್ಷದ ಕಮ್ಯುನಿಟಿ ಕಾಲೇಜಿನ ಮಾತು ಬಂದರೆ ಮೊದಲ ಪ್ರಶ್ನೆ, ಅಲ್ಲಿಂದ ಯುಸಿಗೆ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಮೂರನೇ ವರ್ಷಕ್ಕೆ ಹೋಗಲು ಎಷ್ಟು ಯೂನಿಟ್ (ಕೋರ್ಸಿನ ಅಳತೆ) ಬೇಕು ಅನ್ನುವುದು. ಉತ್ತರ ಸುಲಭ: ಸೆಮಿಸ್ಟರ್ ಲೆಕ್ಕದಲ್ಲಿ 60, ಕ್ವಾರ್ಟರ್ ಲೆಕ್ಕದಲ್ಲಿ 90. ಡಿ ಆಂಜಾ, ಫುಟ್‌ಹಿಲ್ ಎರಡೂ ಕ್ವಾರ್ಟರ್ ಕಾಲೇಜುಗಳು, ಅಂದರೆ ಬೇಸಿಗೆ ಬಿಟ್ಟು ವರ್ಷಕ್ಕೆ ಮೂರು ಅವಧಿ. ಆದರೆ ನಿಜವಾದ ತೊಡಕು ಯೂನಿಟ್ಟಿನಲ್ಲಿಲ್ಲ. ಯೂನಿಟ್ ತುಂಬಿ ತುಳುಕುತ್ತಿದ್ದರೂ ಪದವಿಯ ಮುಖ್ಯ ವಿಷಯವಾದ ಮೇಜರ್‌ಗೆ ಬೇಕಾದ ಗಣಿತವೋ ಭೌತಶಾಸ್ತ್ರವೋ ಅರ್ಧಕ್ಕೆ ನಿಂತಿದ್ದರೆ ಅರ್ಜಿ ಸೊರಗುತ್ತದೆ. ಹಾಗಾಗಿ ಉದ್ದನೆಯ ಸರಣಿಗಳನ್ನು ಮೊದಲು ಕೂಡಿಸಿ, ಉಳಿದ ಜಾಗದಲ್ಲಿ ಸಾಮಾನ್ಯ ಶಿಕ್ಷಣದ ಕೋರ್ಸುಗಳನ್ನು ಹಾಕಿಕೊಳ್ಳಿ.

ಅಸಿಸ್ಟ್ ಓದುವುದು

ಮೊದಲ ಕ್ವಾರ್ಟರಿಗೆ ನೋಂದಾಯಿಸುವ ಮುನ್ನವೇ ಅಸಿಸ್ಟ್ ಡಾಟ್ ಆರ್ಗ್ ತೆರೆಯಿರಿ. ನಿಮ್ಮ ಕಾಲೇಜು, ಹೋಗಬೇಕೆಂದಿರುವ ಕ್ಯಾಂಪಸ್, ಮೇಜರ್ ಆರಿಸಿದರೆ, ಅಲ್ಲಿನ ಯಾವ ಕೋರ್ಸಿಗೆ ಇಲ್ಲಿನ ಯಾವ ಕೋರ್ಸು ಸಮ ಎಂಬ ಪಟ್ಟಿ ಎದುರುಬದುರಾಗಿ ಬರುತ್ತದೆ. ಮೂರು ಸಂಗತಿಗಳನ್ನು ಗಮನಿಸಿ. ವರ್ಷ: ಪ್ರಕಟವಾಗಿರುವುದರಲ್ಲಿ ಇತ್ತೀಚಿನದನ್ನೇ ತೆಗೆದುಕೊಳ್ಳಿ. ನಡುವೆ ಇರುವ 'ಅಂಡ್', 'ಆರ್': 'ಅಂಡ್' ಇದ್ದರೆ ಅಷ್ಟೂ ಕೋರ್ಸು ಮುಗಿದ ಮೇಲೆಯೇ ಎದುರಿನದಕ್ಕೆ ಸಮ, ನಾಲ್ಕರಲ್ಲಿ ಮೂರು ಮುಗಿಸಿದರೆ ಮುಕ್ಕಾಲು ಪಾಲು ಸಿಗುವುದಿಲ್ಲ. ಕೊನೆಯದಾಗಿ, 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಎಂದಿದ್ದರೆ ಅದಕ್ಕೆ ಸಮವೆಂದು ಒಪ್ಪಿದ ಕೋರ್ಸು ನಿಮ್ಮ ಕಾಲೇಜಿನಲ್ಲಿ ಇಲ್ಲ. ಪಕ್ಕದ ಕಾಲೇಜಿನ ಹೆಸರು ಹಾಕಿ ಅಲ್ಲಿ ಇದೆಯೇ ನೋಡಿ.

ಒಂದೇ ಕ್ಯಾಂಪಸ್ಸಿನ ಪಟ್ಟಿ ನೋಡಿ ಕೂರಬೇಡಿ. ಒಂದೇ ಹೆಸರಿನ ಮೇಜರ್‌ಗೆ ಬರ್ಕ್ಲಿ ಕೇಳುವುದು ಒಂದಾದರೆ ಡೇವಿಸ್ ಕೇಳುವುದು ಇನ್ನೊಂದು. ಮೂರು ನಾಲ್ಕು ಕ್ಯಾಂಪಸ್ಸುಗಳ ಪಟ್ಟಿಯನ್ನು ಮುದ್ರಿಸಿ ಒಟ್ಟಿಗಿಟ್ಟು, ಎಲ್ಲದರಲ್ಲೂ ಇರುವ ಕೋರ್ಸುಗಳನ್ನು ಮೊದಲು ಗುರುತು ಮಾಡಿ.

ಸರಣಿಯ ಲೆಕ್ಕ

ಎರಡು ವರ್ಷದಲ್ಲಿ ಬೇಸಿಗೆ ಬಿಟ್ಟರೆ ಆರು ಕ್ವಾರ್ಟರ್. ಡಿ ಆಂಜಾದಲ್ಲಿ ಕ್ಯಾಲ್ಕುಲಸ್ ಅಂದರೆ ಗಣಿತ 1ಎ, 1ಬಿ, 1ಸಿ, 1ಡಿ; ಒಂದರ ಹಿಂದೆ ಒಂದರಂತೆ ನಾಲ್ಕು ಕ್ವಾರ್ಟರ್. ಎಂಜಿನಿಯರಿಂಗಿನ ಭೌತಶಾಸ್ತ್ರ 4ಎಯಿಂದ 4ಡಿವರೆಗೆ ಇನ್ನೂ ನಾಲ್ಕು, ಅದನ್ನು ಹಿಡಿಯಲು ಕೈಯಲ್ಲಿ ಕ್ಯಾಲ್ಕುಲಸ್ ಇರಬೇಕು. ಮೊದಲ ಕ್ವಾರ್ಟರಿನಲ್ಲೇ 1ಎ ತೆಗೆದುಕೊಂಡವರು ಎರಡನೆಯದರಲ್ಲಿ ಭೌತಶಾಸ್ತ್ರ ಶುರುಮಾಡಿ ಐದನೆಯದರಲ್ಲಿ ಮುಗಿಸಬಹುದು. ಇರುವ ಬಿಡುವು ಒಂದೇ ಕ್ವಾರ್ಟರ್, ಎಡವುವುದಾದರೆ ಒಂದು ಸಲ ಮಾತ್ರ. ಪ್ರಿ-ಕ್ಯಾಲ್ಕುಲಸ್‌ಗೆ ಎರಡು ಕ್ವಾರ್ಟರ್ ಹೋದರೆ ಭೌತಶಾಸ್ತ್ರ ಶುರುವಾಗುವುದು ನಾಲ್ಕನೆಯದರಲ್ಲಿ, ಮುಗಿಯುವುದು ಏಳನೆಯದರಲ್ಲಿ. ಅಂಥವರು ನಡುವಿನ ಬೇಸಿಗೆಯನ್ನು ಬಳಸಿಕೊಳ್ಳಬೇಕು, ಇಲ್ಲವೇ ಮೂರು ವರ್ಷದ ಯೋಜನೆ ಹಾಕಬೇಕು. ಮೂರು ವರ್ಷ ತೆಗೆದುಕೊಂಡರೆ ಅದರಲ್ಲಿ ಅವಮಾನವೇನಿಲ್ಲ. ಅವಸರದಲ್ಲಿ ಬಂದ 'ಡಿ' ಗ್ರೇಡು ಅದಕ್ಕಿಂತ ದುಬಾರಿ.

ಸರಣಿಯ ನಡುವೆ ಕಾಲೇಜು ಬದಲಿಸಬೇಡಿ. 1ಎ, 1ಬಿ ಡಿ ಆಂಜಾದಲ್ಲಿ ಮಾಡಿ, ಮುಂದಿನದನ್ನು ಸೆಮಿಸ್ಟರ್ ಪದ್ಧತಿಯ ವೆಸ್ಟ್ ವ್ಯಾಲಿ ಅಥವಾ ಮಿಷನ್ ಕಾಲೇಜಿನಲ್ಲಿ ಮಾಡಲು ಹೊರಟರೆ ಪಾಠ ಹರಿದು ಹಂಚಿಹೋಗುತ್ತದೆ. ಕೆಲವು ಅಧ್ಯಾಯ ಎರಡು ಸಲ, ಕೆಲವು ಒಮ್ಮೆಯೂ ಇಲ್ಲ. ಪ್ರಿರಿಕ್ವಿಸಿಟ್ (ಮೊದಲೇ ಮುಗಿದಿರಬೇಕಾದ ಕೋರ್ಸು) ಬೇರೆ ಕಡೆ ಮಾಡಿದ್ದರೆ ಅಂಕಪಟ್ಟಿ, ಅಂದರೆ ಟ್ರಾನ್ಸ್‌ಕ್ರಿಪ್ಟ್ ಕೊಟ್ಟು ಕ್ಲಿಯರೆನ್ಸ್ ಪಡೆಯುವುದೂ ಇದೆ. ನೋಂದಣಿ ತೆರೆದ ದಿನ ಅದಕ್ಕೆ ಓಡಾಡುವಷ್ಟರಲ್ಲಿ ತರಗತಿ ಭರ್ತಿಯಾಗಿರುತ್ತದೆ.

ಎಲ್ಲರಿಗೂ ಬೇಕಾದ ಏಳು

ಯುಸಿಗೆ ಮೂರನೇ ವರ್ಷಕ್ಕೆ ಸೇರುವ ಯಾರೇ ಆಗಲಿ ಏಳು ಕೋರ್ಸು ಮುಗಿಸಲೇಬೇಕು: ಇಂಗ್ಲಿಷ್ ಬರವಣಿಗೆ ಎರಡು, ಗಣಿತ ಒಂದು, ಉಳಿದ ನಾಲ್ಕು ಕಲೆ-ಮಾನವಿಕ, ಸಮಾಜವಿಜ್ಞಾನ, ವಿಜ್ಞಾನ ಈ ಮೂರರಲ್ಲಿ ಕನಿಷ್ಠ ಎರಡರಿಂದ. ಪ್ರತಿಯೊಂದರಲ್ಲೂ 'ಸಿ' ಅಥವಾ ಮೇಲೆ. 'ಸಿ ಮೈನಸ್' ನಡೆಯದು. ಇಂಗ್ಲಿಷ್ ಮತ್ತು ಗಣಿತದ ಕೋರ್ಸುಗಳು, ನೀವು ಯುಸಿಗೆ ಸೇರುವ ಶರತ್ಕಾಲದ ಅವಧಿಯಾದ ಫಾಲ್‌ಗೆ ಹಿಂದಿನ ಸ್ಪ್ರಿಂಗ್‌ನೊಳಗೆ ಮುಗಿದಿರಬೇಕು. ಕೊನೆಯ ಬೇಸಿಗೆಯಲ್ಲಿ ನೋಡಿಕೊಂಡರಾಯಿತು ಅಂದುಕೊಂಡವರು ಇಲ್ಲೇ ಮುಗ್ಗರಿಸುತ್ತಾರೆ. ಕನಿಷ್ಠ ಜಿಪಿಎ (ಗ್ರೇಡುಗಳ ಸರಾಸರಿ) ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ 2.4, ಉಳಿದವರಿಗೆ 2.8. ಇದು ಅರ್ಜಿ ಹಾಕುವ ಅರ್ಹತೆ ಮಾತ್ರ. ಕಂಪ್ಯೂಟರ್ ಸೈನ್ಸ್‌ನಂಥ ಕಡೆ ಈ ಅಂಕ ಹಿಡಿದು ಬಾಗಿಲು ತಟ್ಟುವುದು ವ್ಯರ್ಥ.

2025ರ ಫಾಲ್‌ನಿಂದ ಹೊಸದಾಗಿ ಸೇರಿದವರಿಗೆ ಸಾಮಾನ್ಯ ಶಿಕ್ಷಣದ ಕೋರ್ಸುಪಟ್ಟಿಯಾಗಿ ಹಳೆಯ ಐ-ಗೆಟ್ಸಿ ಬದಲು ಕ್ಯಾಲ್-ಗೆಟ್ಸಿ ಬಂದಿದೆ: 11 ಕೋರ್ಸು, 34 ಸೆಮಿಸ್ಟರ್ ಯೂನಿಟ್, ಯುಸಿ ಮತ್ತು ಕ್ಯಾಲ್ ಸ್ಟೇಟ್ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಎರಡಕ್ಕೂ ಒಂದೇ. ಭಾಷಣ ಕಲೆ ಮತ್ತು ಎಥ್ನಿಕ್ ಸ್ಟಡೀಸ್ ಇದರಲ್ಲಿ ಕಡ್ಡಾಯ. ಇಂಗ್ಲಿಷಿನ ಮೊದಲ ಕೋರ್ಸಿಗೆ ರಾಜ್ಯದ ಕಾಲೇಜುಗಳಲ್ಲೆಲ್ಲ ಈಗ ಸಿ1000 ಎಂಬ ಒಂದೇ ಸಂಖ್ಯೆ, ಹಾಗಾಗಿ ಅಣ್ಣ ಅಕ್ಕಂದಿರ ಹಳೇ ಪಟ್ಟಿ ನಂಬಿ ಕೋರ್ಸು ಹುಡುಕಬೇಡಿ. ಇತಿಹಾಸ, ಅರ್ಥಶಾಸ್ತ್ರದಂಥ ಮೇಜರ್‌ಗಳಿಗೆ ಕ್ಯಾಲ್-ಗೆಟ್ಸಿ ಒಳ್ಳೆಯ ದಾರಿ. ಎಂಜಿನಿಯರಿಂಗಿನವರು ಮೇಜರ್ ತಯಾರಿಯ ಹೊರೆಯ ಮೇಲೆ ಇದನ್ನೂ ಹೊರಲು ಹೋಗಬಾರದು. ಏಳು ಕೋರ್ಸು ಮುಗಿಸಿ ಉಳಿದ ಶಕ್ತಿಯನ್ನು ಗಣಿತ, ಭೌತಶಾಸ್ತ್ರಕ್ಕೆ ಇಡುವುದೇ ಜಾಣತನ.

ಭಾರತದಿಂದ ಬಂದವರಿಗೆ

ವಿಟಿಯುನಲ್ಲಿ ಒಂದೆರಡು ಸೆಮಿಸ್ಟರ್ ಓದಿ ಬಂದವರು ಅದನ್ನು ಅರ್ಜಿಯಲ್ಲಿ ತೋರಿಸಲೇಬೇಕು, ಅಂಕ ಚೆನ್ನಾಗಿಲ್ಲವೆಂದು ಮುಚ್ಚಿಡುವಂತಿಲ್ಲ. ಆದರೆ ಆ ಕೋರ್ಸುಗಳು ಕ್ಯಾಲ್-ಗೆಟ್ಸಿಗೆ ಲೆಕ್ಕಕ್ಕಿಲ್ಲ, ಅಸಿಸ್ಟ್‌ನಲ್ಲೂ ಸಿಗುವುದಿಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಪ್ರತಿ ಕ್ವಾರ್ಟರಿನಲ್ಲೂ 12 ಯೂನಿಟ್ ಓದುತ್ತಿರಬೇಕು. ಆನ್‌ಲೈನ್ ತರಗತಿಯಲ್ಲಿ ಒಂದು ಮಾತ್ರ ಆ ಲೆಕ್ಕಕ್ಕೆ ಬರುತ್ತದೆ. ಕಷ್ಟವೆಂದು ಒಂದು ಕೋರ್ಸು ಬಿಡುವ ಮುನ್ನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳಿ.

ತಾರೀಕುಗಳು

ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್ಸುಗಳು ಟ್ಯಾಗ್ ಎಂಬ ಪ್ರವೇಶ ಖಾತರಿ ಕೊಡುತ್ತವೆ. ಒಬ್ಬರಿಗೆ ಒಂದೇ ಟ್ಯಾಗ್, ಅದನ್ನು ಸೆಪ್ಟೆಂಬರ್ 1ರಿಂದ 30ರೊಳಗೆ ಹಾಕಬೇಕು. ಕಂಪ್ಯೂಟರ್ ಸೈನ್ಸ್‌ನಂಥ ಮೇಜರ್‌ಗಳನ್ನು ಕೆಲವು ಕ್ಯಾಂಪಸ್ಸುಗಳು ಇದರಿಂದ ಹೊರಗಿಟ್ಟಿವೆ. ಮುಖ್ಯ ಅರ್ಜಿ ಸಲ್ಲಿಕೆ ಅಕ್ಟೋಬರ್ 1ಕ್ಕೆ ತೆರೆದು ಡಿಸೆಂಬರ್ ಮೊದಲ ದಿನಗಳ ಹೊತ್ತಿಗೆ ಮುಚ್ಚುತ್ತದೆ. ಜನವರಿಯಲ್ಲಿ ಫಾಲ್ ಗ್ರೇಡುಗಳನ್ನೂ ಸ್ಪ್ರಿಂಗ್‌ನ ಕೋರ್ಸುಗಳನ್ನೂ ತಿದ್ದಿ ಅಪ್‌ಡೇಟ್ ಸಲ್ಲಿಸಬೇಕು. ಇದನ್ನು ಮರೆತರೆ ಅವರು ನೋಡುವುದು ನಿಮ್ಮ ಹಳೆಯ ಅಂದಾಜನ್ನೇ.

ಗ್ರೇಡಿನ ಬದಲು ಪಾಸೋ ಇಲ್ಲವೋ ಎಂದಷ್ಟೇ ಕೊಡುವ 'ಪಾಸ್/ನೋ ಪಾಸ್' ಆಯ್ಕೆಯನ್ನು ಮೇಜರ್ ಕೋರ್ಸುಗಳಿಗೆ ಮುಟ್ಟಬೇಡಿ. ಒಟ್ಟಾರೆಯೂ ಅದರ ಮಿತಿ 21 ಕ್ವಾರ್ಟರ್ ಯೂನಿಟ್. ಪ್ರವೇಶ ಸಿಕ್ಕ ಮೇಲೆ ಸ್ಪ್ರಿಂಗ್‌ನ ಯಾವುದೇ ಕೋರ್ಸು ಬಿಡಬೇಕಾಗಿ ಬಂದರೆ ಆ ಕ್ಯಾಂಪಸ್ಸಿಗೆ ಬರೆದು ತಿಳಿಸಿ. ಸುಮ್ಮನಿದ್ದು ಜುಲೈನಲ್ಲಿ ಸಿಕ್ಕಿಬಿದ್ದರೆ ಪ್ರವೇಶವೇ ರದ್ದಾಗಬಹುದು. ಅಂತಿಮ ಟ್ರಾನ್ಸ್‌ಕ್ರಿಪ್ಟ್ ಜುಲೈ 1ರೊಳಗೆ ತಲುಪಬೇಕು. ಕ್ಯಾಲ್-ಗೆಟ್ಸಿ ಪ್ರಮಾಣೀಕರಣ ತಾನಾಗಿ ಹೋಗುತ್ತದೆಂದು ಕೂರಬೇಡಿ, ಕಾಲೇಜಿನಲ್ಲಿ ಕೇಳಿ ಮಾಡಿಸಿಕೊಳ್ಳಬೇಕು. ಎರಡು ಮೂರು ಕಾಲೇಜುಗಳಲ್ಲಿ ಓದಿದ್ದರೆ ಎಲ್ಲ ಟ್ರಾನ್ಸ್‌ಕ್ರಿಪ್ಟುಗಳನ್ನೂ ಏಪ್ರಿಲ್ ಹೊತ್ತಿಗೇ ಕೊನೆಯ ಕಾಲೇಜಿಗೆ ತರಿಸಿಡಿ.