ಹಿನ್ನೀರಿನಲ್ಲಿ ರೀವದ ಗೂಡು ಎಣಿಸುವುದು ಹೇಗೆ

ಶಿವರಾತ್ರಿ ಕಳೆದ ಮೇಲೆ ಪೇಪರ್ ಬಂದ ಕೂಡಲೇ ನಾನು ನೋಡುವುದು ಕೆ.ಆರ್.ಎಸ್. ನೀರಿನ ಮಟ್ಟ. ನಮ್ಮ ಮಂಡ್ಯ ಕಡೆ ಎಲ್ಲರೂ ನೋಡುತ್ತಾರೆ, ನಾಲೆಗೆ ನೀರು ಬಿಡ್ತಾರೋ ಇಲ್ವೋ ಅಂತ. ನನಗೆ ಅದು ಹೊಳೆ ರೀವ (ರಿವರ್ ಟರ್ನ್) ಅನ್ನುವ ನೀರುಹಕ್ಕಿಯ ಕ್ಯಾಲೆಂಡರ್. ಕಟ್ಟೆ ತುಂಬಿದಾಗ 124.80 ಅಡಿ. ಅಲ್ಲಿಂದ ಇಳಿಯುತ್ತಾ ಬಂದ ಹಾಗೆ ಹಿನ್ನೀರಿನ ನಡುವೆ ಮರಳು, ಕಲ್ಲಿನ ದಿಬ್ಬಗಳು ತಲೆ ಎತ್ತುತ್ತವೆ. ಹಳದಿ ಕೊಕ್ಕು, ಕಪ್ಪು ನೆತ್ತಿ, ಉದ್ದ ಕವಲು ಬಾಲದ ಈ ಹಕ್ಕಿ ಅಲ್ಲೇ ಬರೀ ನೆಲದಲ್ಲಿ ಸಣ್ಣ ಗುಂಡಿ ಕೆದರಿ ಮೊಟ್ಟೆ ಇಡುತ್ತದೆ. ಹೆಚ್ಚಾಗಿ ಎರಡು ಅಥವಾ ಮೂರು.

ನಾನು ಪಾಂಡವಪುರದ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಬೇಸಿಗೆ ರಜೆ ಪೂರ್ತಿ ಇದೇ ಕೆಲಸ. ಹೊಸದಾಗಿ ಜೊತೆಗೆ ಬರುವವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಅರಣ್ಯ ಇಲಾಖೆಯ ಅನುಮತಿ ತಗೊಳ್ಳಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದೂ ಬೇಟೆಯೇ. ಆಮೇಲೆ ದಿಬ್ಬದ ಮೇಲೆ ಕಾಲಿಡುವ ಆಸೆ ಬಿಡಿ. ಎಣಿಕೆಗೆ ಅದು ಬೇಕಾಗಿಯೇ ಇಲ್ಲ. ದಡದಲ್ಲಿ ಒಂದು ಜಾಗ ಹುಡುಕಿ, ಟ್ರೈಪಾಡ್ ಮೇಲೆ ದೂರದರ್ಶಕ ಇಟ್ಟು, ಮಣ್ಣಿನ ಬಣ್ಣದ ಬಟ್ಟೆ ಹಾಕಿಕೊಂಡು ಕೂತುಕೊಳ್ಳಿ. ಸೂರ್ಯ ಬೆನ್ನಿಗಿರಲಿ. ಬೆಳಿಗ್ಗೆ ಆರಕ್ಕೆ ಕೂತರೆ ಎಂಟೂವರೆಗೆ ಎದ್ದುಬಿಡಿ.

ಯಾಕೆ ಎಂಟೂವರೆ? ಆಮೇಲೆ ಮರಳು ಕಾಯುತ್ತದೆ. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಆ ಮರಳ ಮೇಲೆ ನಿಂತು ನೋಡಿ, ಗೊತ್ತಾಗುತ್ತೆ. ಆ ಹೊತ್ತಿನಲ್ಲಿ ತಾಯಿ ಕೂರುವುದು ಮೊಟ್ಟೆಗೆ ಕಾವು ಕೊಡಲು ಅಲ್ಲ, ನೆರಳು ಕೊಡಲು. ಒಂದು ಹಕ್ಕಿಯನ್ನು ನಾನು ಹೀಗೆ ನೋಡಿದ್ದೇನೆ: ನೀರಿಗೆ ಹೋಗಿ ಹೊಟ್ಟೆ ಮುಳುಗಿಸಿ ಬಂತು. ಗುಂಡಿಯ ಪಕ್ಕ ಇಳಿದು, ಎರಡು ಹೆಜ್ಜೆ ನಡೆದು, ಒದ್ದೆ ಗರಿಗಳನ್ನು ಉಬ್ಬಿಸಿ ಮೊಟ್ಟೆಗಳ ಮೇಲೆ ಮೆಲ್ಲಗೆ ಕೂತಿತು. ಹನಿ ಬಿದ್ದ ಕಡೆ ಮರಳು ಕಪ್ಪಾಯಿತು. ನೋಡುತ್ತಿದ್ದಂತೆಯೇ ಒಣಗಿತು. ಹಕ್ಕಿ ಮತ್ತೆ ಎದ್ದು ನೀರಿಗೆ ಹೋಯಿತು. ನಮ್ಮಿಂದಾಗಿ ಅದು ಹತ್ತು ನಿಮಿಷ ಹೊರಗೆ ಸುತ್ತಿದರೆ ಮೊಟ್ಟೆ ಅಲ್ಲೇ ಬೇಯುತ್ತದೆ.

ಎಣಿಸುವುದು ಹೀಗೆ. ಹಾರುವ ಹಕ್ಕಿಗಳನ್ನು ಬಿಡಿ, ಕೂತವನ್ನು ನೋಡಿ. ಸುಮ್ನೆ ನಿಂತು ವಿಶ್ರಾಂತಿ ಪಡೆಯುವ ಹಕ್ಕಿಯ ಕಾಲು ಕಾಣುತ್ತದೆ. ಕಾವಿಗೆ ಕೂತದ್ದು ನೆಲಕ್ಕೆ ಒತ್ತಿಕೊಂಡಿರುತ್ತದೆ, ಗಾಳಿ ಬರುವ ಕಡೆಗೆ ಮುಖ. ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ, ಸ್ವಲ್ಪ ಬಿಟ್ಟು ಮೂರನೇ ಸಲ ಎಣಿಸಿ. ಮೂರೂ ಸಂಖ್ಯೆ ಬರೆಯಿರಿ, ಸರಾಸರಿ ಮಾಡಬೇಡಿ. ದಿನಾಂಕ, ಬಂದ ಹೊತ್ತು, ಹೋದ ಹೊತ್ತು, ಅವತ್ತಿನ ನೀರಿನ ಮಟ್ಟ, ಎಲ್ಲಾ ಹಕ್ಕಿಗಳೂ ಎಷ್ಟು ಸಲ ಒಟ್ಟಿಗೆ ಎದ್ದವು, ಯಾಕೆ ಎದ್ದವು ಅನ್ನುವುದೂ ಪುಸ್ತಕದಲ್ಲಿರಲಿ. ನಿಮ್ಮನ್ನು ನೋಡಿಯೇ ಎದ್ದಿದ್ದರೆ ಹಿಂದೆ ಸರಿಯಿರಿ. ದಡದಲ್ಲಿ ಟಿಟ್ಟಿಭ ಹಕ್ಕಿ ಕೂಗಲು ಶುರು ಮಾಡಿದರೂ ಅಷ್ಟೇ. ಅದು ಕೂಗಿದರೆ ದಿಬ್ಬಕ್ಕೆಲ್ಲ ಸುದ್ದಿ ಹೋದ ಹಾಗೆ.

ಗೂಡಿಗೆ ಗುರುತು ಹಾಕಬೇಡಿ. ಮೊದಲ ವರ್ಷ ನಾನು ಹಾಕಿದ್ದೆ. ಐದು ಗೂಡುಗಳ ಪಕ್ಕ ಬಣ್ಣದ ಕಡ್ಡಿ ನೆಟ್ಟು ಬಂದೆ. ಮಾರನೇ ದಿನ ಕಡ್ಡಿಯಿಂದ ಕಡ್ಡಿಗೆ ಕಾಗೆ ಹಾರುತ್ತಿತ್ತು. ಮೂರು ಗುಂಡಿ ಖಾಲಿ. ಇವತ್ತಿಗೂ ಆ ಪುಟ ತೆಗೆದರೆ ಹೊಟ್ಟೆ ಕಿವುಚುತ್ತದೆ. ಮೊಟ್ಟೆಯನ್ನು ನೀರಿನಲ್ಲಿ ಬಿಟ್ಟು ವಯಸ್ಸು ತಿಳಿಯುವ ವಿಧಾನವೂ ಇದೆ. ಹೊಸದು ತಳದಲ್ಲಿ ಮಲಗುತ್ತದೆ, ದಿನ ಕಳೆದಂತೆ ನೆಟ್ಟಗಾಗಿ ಕೊನೆಗೆ ತೇಲುತ್ತದೆ. ಅದು ಅನುಮತಿ ಇರುವ ಸಂಶೋಧಕರ ಕೆಲಸ. ನಾವು ಮುಟ್ಟುವುದು ಬೇಡ.

ಮೇ ತಿಂಗಳಲ್ಲಿ ನೀರು ಇನ್ನೂ ಇಳಿದು ದಿಬ್ಬ ದಡಕ್ಕೆ ಸೇರಿಕೊಂಡರೆ ಕಷ್ಟ ಜಾಸ್ತಿ. ನಾಯಿ, ದನ, ಜೀಪು ಎಲ್ಲವೂ ಬರುತ್ತವೆ. ಆಗ ದೂರದರ್ಶಕಕ್ಕಿಂತ ಮಾತು ಮುಖ್ಯ. ಕುರಿ ಮೇಯಿಸುವ ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು, "ಏನ್ ಟೀಚರಮ್ಮ, ದಿನಾ ಬಂದು ಏನ್ ನೋಡ್ತೀರಿ ಅಲ್ಲಿ?" ಅವರ ಕಣ್ಣಿಗೇ ದೂರದರ್ಶಕ ಹಿಡಿದೆ. ತುಂಬಾ ಹೊತ್ತು ನೋಡಿದರು. "ಅಯ್ಯೋ, ಮೂರು ಮರಿ ಅವೆ ಕಣವ್ವ" ಅಂದರು. ಮಾರನೇ ದಿನದಿಂದ ಅವರ ಕುರಿ ಆ ಕಡೆ ಹೋಗಲಿಲ್ಲ. ನಾಯಿಯನ್ನೂ ಕಟ್ಟಿಹಾಕಿಕೊಂಡೇ ಬರುತ್ತಿದ್ದರು. ಮೀನು ಹಿಡಿಯಲು ತೆಪ್ಪ ಹಾಕುವವರ ಹತ್ತಿರವೂ ಹೀಗೇ ಕೂತು ಮಾತಾಡಿ. ಬೋರ್ಡ್ ನೆಡುವುದರಿಂದ ಜನ ಬರುವುದೇ ಜಾಸ್ತಿ.

ಮರಿಗಳಿದ್ದಾಗ ದಡದಲ್ಲೂ ನೆಲ ನೋಡಿಕೊಂಡೇ ನಡೆಯಿರಿ. ತಾಯಿ ಕೂಗಿದರೆ ಮರಿ ಓಡುವುದಿಲ್ಲ, ಅಲ್ಲೇ ಚಪ್ಪಟೆಯಾಗಿ ಮಲಗಿಬಿಡುತ್ತದೆ. ಮರಳಿನದೇ ಬಣ್ಣ. ಒಮ್ಮೆ ನನ್ನ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿತ್ತು. ಗಂಟಲು ಮಾತ್ರ ಪಟಪಟ ಬಡಿದುಕೊಳ್ಳುತ್ತಿತ್ತು. ಬಂದ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟು ಹಿಂದೆ ಬಂದೆ.

ಫೋಟೋ ಹಾಕುವಾಗ ಯಾವ ದಿಬ್ಬ ಅಂತ ಬರೆಯಬೇಡಿ. ಫೋನಿನ ಲೊಕೇಶನ್ ಮೊದಲೇ ಆಫ್ ಮಾಡಿ. ಹಿನ್ನೀರಿನ ದಡದ ಮೀನಾಕ್ಷಿಪುರದ ಕಡೆ ಭಾನುವಾರ ಸೇರುವ ಜನ ನೋಡಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ರೋಹಿಣಿ ಮಳೆ ಮುಗಿದು ಕೊಡಗಿನಲ್ಲಿ ಮುಂಗಾರು ಹಿಡಿದರೆ ನೀರು ದಿನದಿಂದ ದಿನಕ್ಕೆ ಏರುತ್ತದೆ. ತಡವಾಗಿ ಇಟ್ಟ ಮೊಟ್ಟೆಗಳು ಮುಳುಗುತ್ತವೆ. ಮೊಟ್ಟೆ ಎತ್ತಿ ಮೇಲೆ ಇಡಲು ಹೋಗಬೇಡಿ. ಯಾವ ಮಟ್ಟಕ್ಕೆ ಎಷ್ಟು ಗೂಡು ಹೋದವು ಅಂತ ಬರೆದು ಇಲಾಖೆಗೆ ಒಂದು ಪ್ರತಿ ಕೊಡಿ. ಕೊನೆಯ ದಿನ ಎಣಿಸಬೇಕಾದ್ದು ಹಾರಲು ಕಲಿತ ಮರಿಗಳನ್ನು. ಬಾಲ ಗಿಡ್ಡ, ಬೆನ್ನ ಮೇಲೆ ಕಂದು ಗೀರು, ಮೀನು ಹಿಡಿದ ತಾಯಿಯ ಹಿಂದೆ ಕೂಗುತ್ತಾ ಹಾರುತ್ತವೆ. ಕಳೆದ ಸಲ ನನ್ನ ಪುಸ್ತಕದಲ್ಲಿ ಹನ್ನೊಂದು.