ಬಾಯಿ ಕ್ಯಾನ್ಸರ್: ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ

ಹೊಟ್ಟೆಯದ್ದೋ ಶ್ವಾಸಕೋಶದ್ದೋ ಕ್ಯಾನ್ಸರ್ ಆದರೆ ಒಳಗೇ ಬೆಳೆಯುತ್ತದೆ, ನಮಗೆ ಕಾಣುವುದಿಲ್ಲ. ಬಾಯಿಯದ್ದು ಹಾಗಲ್ಲ. ಕನ್ನಡಿ, ಟಾರ್ಚು, ಐದು ನಿಮಿಷ ಸಾಕು. ಎಲೆ-ಅಡಿಕೆ, ಹೊಗೆಸೊಪ್ಪು, ಗುಟ್ಕಾ, ಬೀಡಿ, ಕುಡಿತ, ಯಾವುದರ ಅಭ್ಯಾಸವಿದ್ದರೂ ತಿಂಗಳಿಗೊಮ್ಮೆ ನೋಡಿಕೊಳ್ಳಿ.

ಬಾಯಿ ಮುಕ್ಕಳಿಸಿ, ಹಲ್ಲು ಸೆಟ್ ಇದ್ದರೆ ತೆಗೆದಿಡಿ. ತುಟಿ ಮಡಚಿ ವಸಡು ನೋಡಿ, ಆಮೇಲೆ ಕೆನ್ನೆಯ ಒಳಭಾಗ. ಹೊಗೆಸೊಪ್ಪನ್ನು ದಿನಾ ಯಾವ ಮೂಲೆಯಲ್ಲಿ ಒತ್ತಿಕೊಳ್ಳುತ್ತೀರೋ ಅಲ್ಲಿ ಇನ್ನೊಂದು ಸಲ ನೋಡಿ, ಶುರುವಾಗುವುದು ಜಾಸ್ತಿ ಅಲ್ಲೇ. ನಾಲಿಗೆ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಅಂಚು, ಮೇಲೆತ್ತಿ ಅಡಿಭಾಗ ನೋಡಿ.

ಉಜ್ಜಿದರೂ ಹೋಗದ ಬಿಳಿ ಮಚ್ಚೆ ಇದ್ದರೆ ತೋರಿಸಲೇಬೇಕು. ಕೆಂಪು ಮಚ್ಚೆ ಇನ್ನೂ ಅಪಾಯ. ಎರಡು ವಾರ ಕಳೆದರೂ ಮಾಯದ ಹುಣ್ಣು ಕೂಡ ಹಾಗೇ. ನಮ್ಮ ಚಿಕ್ಕಪ್ಪ ಚೂಪು ಹಲ್ಲು ತಾಗಿ ಆದದ್ದು ಅಂತ ಮೂರು ತಿಂಗಳು ಜೇನುತುಪ್ಪ ಹಚ್ಚಿಕೊಂಡರು, ನೋವಿಲ್ಲವಲ್ಲ ಅಂತ ಸುಮ್ನೆ ಇದ್ದರು. ಶುರುವಿನಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ. ಹುಣ್ಣು ಕಂಡ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಈಗ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಎರಡೇ ಹಿಡಿದರೆ, ಸಾರನ್ನ ತಿಂದರೂ ಬಾಯಿ ಉರಿದರೆ, ಅಡಿಕೆಯಿಂದ ಕೆನ್ನೆಯ ಒಳಪೊರೆ ಗಟ್ಟಿಯಾಗುತ್ತಿರಬಹುದು. ಇದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರ್ ಆಗಬಲ್ಲದು. ಅಡಿಕೆ ಬೆಳೆದೇ ಬದುಕುವ ಊರುಗಳಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಲೇಬೇಕು: ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ.

ಕೊನೆಗೆ ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಬದಿ ಬೆರಳಿನಿಂದ ಒತ್ತಿ ನೋಡಿ. ಹಿಡಿತ ತಪ್ಪಿ ಬೆಳೆದ ಜೀವಕೋಶಗಳು ಪಕ್ಕದ ದವಡೆ ಮೂಳೆಯನ್ನು ತಿನ್ನುತ್ತವೆ, ಹಲ್ಲು ಅಲ್ಲಾಡುತ್ತದೆ, ನುಂಗಲಾಗದೆ ತೂಕ ಇಳಿಯುತ್ತದೆ. ಅಲ್ಲಿಂದ ಮೊದಲು ಹೋಗಿ ಸೇರುವುದು ಸಾಮಾನ್ಯವಾಗಿ ಕುತ್ತಿಗೆಯ ಗ್ರಂಥಿಗಳಿಗೆ. ಅದಕ್ಕೇ ಅಲ್ಲಿ ಗಟ್ಟಿ ಗಂಟು ಸಿಕ್ಕರೆ ತಡ ಮಾಡಬಾರದು.

ಮೊದಲು ಹತ್ತಿರದ ಹಲ್ಲಿನ ಡಾಕ್ಟರಿಗೆ ತೋರಿಸಿದರೂ ಆಯಿತು. ಅನುಮಾನ ಬಂದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕತ್ತರಿ ತಾಗಿದರೆ ಹರಡುತ್ತದೆ ಅಂತ ಮನೆಯಲ್ಲಿ ಯಾರಾದರೂ ಹೆದರಿಸುತ್ತಾರೆ, ಅಲ್ವಾ? ಆ ಮಾತು ನಂಬಿ ಬಯಾಪ್ಸಿ ತಪ್ಪಿಸಬೇಡಿ. ಆ ಚೂರನ್ನು ಲ್ಯಾಬಿನಲ್ಲಿ ನೋಡದೆ ಹೌದೋ ಅಲ್ಲವೋ ಅಂತ ಯಾವ ಡಾಕ್ಟರಿಗೂ ಖಚಿತವಾಗಿ ಹೇಳಲಾಗುವುದಿಲ್ಲ.