ಸಿಗ್ನಲ್ 11ರ ಬೆನ್ನು ಹತ್ತಿ ಹೊಸ ಸರ್ವರ್ ದುಡ್ಡು ಉಳಿಸಿದ್ದು

ನಮ್ಮದು ಮೈಎಸ್‌ಕ್ಯುಎಲ್ 5.7 ಡೇಟಾಬೇಸ್: ಬರೆಯುವುದನ್ನೆಲ್ಲ ತೆಗೆದುಕೊಳ್ಳುವ ಒಂದು ಪ್ರೈಮರಿ ಸರ್ವರ್, ಅದರ ನಕಲು ಇಟ್ಟುಕೊಳ್ಳುವ ಒಂದು ರೆಪ್ಲಿಕಾ. ವಾರಕ್ಕೆ ಎರಡು ಮೂರು ಸಲ ಪ್ರೈಮರಿ ಲಾಗ್‌ನಲ್ಲಿ ಸಿಗ್ನಲ್ 11 (ಮುಟ್ಟಬಾರದ ಮೆಮೊರಿ ಮುಟ್ಟಿದೆ) ಅಂತ ಬರೆದಿಟ್ಟು ಬೀಳುತ್ತಿತ್ತು. ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ತಕ್ಷಣ ಎಬ್ಬಿಸುತ್ತಿತ್ತು. ಆದರೆ ರಿಕವರಿ ಮುಗಿದು ಬಫರ್ ಪೂಲ್ (ಡೇಟಾ ಇಟ್ಟುಕೊಳ್ಳುವ ಮೆಮೊರಿ) ಮತ್ತೆ ತುಂಬುವವರೆಗೆ ಅರ್ಧ ಗಂಟೆ ಎಲ್ಲವೂ ಕುಂಟುತ್ತಿತ್ತು.

'ರ್‍ಯಾಮ್ ಹೋಗಿದೆ' ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ವಾದ ಕೇಳಲಿಕ್ಕೆ ಚೆನ್ನಾಗಿಯೇ ಇತ್ತು: ಅದೇ ಡೇಟಾ, ಅದೇ ವರ್ಷನ್ ಇರುವ ರೆಪ್ಲಿಕಾ ಒಮ್ಮೆಯೂ ಬಿದ್ದಿಲ್ಲ, ಹಾಗಾಗಿ ತಪ್ಪು ಈ ಮಷಿನ್‌ದೇ. ಹೊಸ ಸರ್ವರ್‌ಗೆ ಕೊಟೇಶನ್ನೂ ಬಂತು. ಹೆಚ್ಚು ಕಡಿಮೆ ನನ್ನ ಒಂದು ವರ್ಷದ ಸಂಬಳ! ಮೆಮೊರಿಯ ತಪ್ಪುಗಳನ್ನು ಲೆಕ್ಕ ಇಡುವ ಇಸಿಸಿ ಎಣಿಕೆಯಲ್ಲಿ ಒಂದು ತಪ್ಪೂ ಇಲ್ಲ ಅಂತ ತೋರಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅದಕ್ಕೂ ಮೊದಲು ಗಂಟೆ ಲೆಕ್ಕದಲ್ಲಿ ಒಬ್ಬ ಕನ್ಸಲ್ಟೆಂಟ್ ಬಂದಿದ್ದರು. ಕ್ರ್ಯಾಶ್ ಆದಾಗ ಲಾಗ್‌ನಲ್ಲಿ 'ಇಷ್ಟು ಮೆಮೊರಿ ಬಳಸಬಹುದು' ಅಂತ ಒಂದು ಸಾಲು ಬರುತ್ತಲ್ಲ, ಅದನ್ನೇ ಹಿಡಿದುಕೊಂಡರು. ಅದು ಯಾವ ಕ್ರ್ಯಾಶ್ ಆದರೂ ಪ್ರಿಂಟ್ ಆಗುವ, ಕನೆಕ್ಷನ್ ಸಂಖ್ಯೆ ಮತ್ತು ಬಫರ್ ಗಾತ್ರಗಳ ಬರೀ ಗುಣಾಕಾರ. ಮೆಮೊರಿ ತುಂಬಿ ಕರ್ನಲ್ ಕೊಂದಿದ್ದರೆ ಸಿಗ್ನಲ್ 9 ಬರುತ್ತಿತ್ತು, ಎರರ್ ಲಾಗ್‌ನಲ್ಲಿ ಟ್ರೇಸೇ (ಬೀಳುವಾಗ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಅನ್ನುವ ಪಟ್ಟಿ) ಇರುತ್ತಿರಲಿಲ್ಲ. ಕರ್ನಲ್‌ನ ಸಂದೇಶಗಳಿರುವ ಡಿಎಂಇಎಸ್‌ಜಿಯಲ್ಲಿ ಹುಡುಕಬೇಕಿತ್ತು. ಅವರು ಮ್ಯಾಕ್ಸ್ ಕನೆಕ್ಷನ್ಸ್ (ಒಟ್ಟಿಗೆ ಎಷ್ಟು ಕನೆಕ್ಷನ್ ಬರಬಹುದು ಅನ್ನುವ ಮಿತಿ) ಅರ್ಧಕ್ಕೆ ಇಳಿಸಿದರು. ತಮಾಷೆ ಅಂದರೆ ಬೀಳುವುದು ನಿಜಕ್ಕೂ ಕಡಿಮೆ ಆಯ್ತು! ಬಿಲ್ ಕೊಟ್ಟು ಹೋದರು. ಬದಲಿಗೆ 'ಟೂ ಮೆನಿ ಕನೆಕ್ಷನ್ಸ್' ಎರರ್ ಶುರುವಾಯ್ತು.

ಇನ್ನೊಬ್ಬರು ರಾತ್ರಿಯ ಬ್ಯಾಕಪ್ ಮೇಲೆ ತಪ್ಪು ಹೊರಿಸಿದರು. ಸಮಯ ಸರಿಯಾಗಿ ಹೊಂದುತ್ತಿದೆ ಅಂತ. 5.7ರಲ್ಲಿ ಎರರ್ ಲಾಗ್ ಸಮಯ ಡೀಫಾಲ್ಟಾಗಿ ಯುಟಿಸಿ, ನಮ್ಮ ಗಡಿಯಾರದ ಸಮಯ ಅಲ್ಲ. ಗಡಿಯಾರ ಹೊಂದಿಸಿ ನೋಡಿದರೆ ಎಲ್ಲ ಕ್ರ್ಯಾಶ್‌ಗಳೂ ಕೆಲಸ ಜೋರಾಗಿರುವ ಹೊತ್ತಿನವು.

ನಾನು ಮಾಡಿದ್ದು ಇಷ್ಟೇ. ಲಾಗ್ ರೊಟೇಟ್ ಆಗಿ ಅಳಿಸಿಹೋಗುವ ಮೊದಲು ಹತ್ತು ಹನ್ನೆರಡು ಟ್ರೇಸ್ ಬೇರೆ ಕಡೆ ಎತ್ತಿಟ್ಟೆ. ಮೆಮೊರಿ ವಿಳಾಸದ ಅಂಕಿಗಳು ಪ್ರತಿ ಸಲ ಬದಲಾಗುತ್ತವೆ. ಅವನ್ನು ಕಿತ್ತುಹಾಕಿ, ಫಂಕ್ಷನ್ ಹೆಸರುಗಳನ್ನು ಓದುವ ಹಾಗೆ ಬಿಡಿಸಿಕೊಡುವ ಸಿ ಪ್ಲಸ್ ಪ್ಲಸ್ ಫಿಲ್ಟ್‌ಗೆ ಕೊಟ್ಟು, ಪಕ್ಕಪಕ್ಕ ಇಟ್ಟೆ. ಸ್ಕ್ರಿಪ್ಟ್ ಕೊಡಲ್ಲ, ಹತ್ತು ಸಾಲಿನ ಕೆಲಸ, ನೀವೇ ಬರೆದುಕೊಳ್ಳಿ. ರ್‍ಯಾಮ್ ಕೆಟ್ಟಿದ್ದರೆ ಟ್ರೇಸ್‌ಗಳು ಒಂದೊಂದು ಸಲ ಒಂದೊಂದು ಥರ ಇರಬೇಕು, ಅಲ್ವಾ? ಇಲ್ಲಿ ಒಂದೆರಡು ಬಿಟ್ಟು ಉಳಿದವೆಲ್ಲ ಅವಳಿ ಮಕ್ಕಳ ಹಾಗೆ ಇದ್ದವು.

ಟ್ರೇಸ್‌ನ ಮೇಲಿನ ಮೂರು ಫ್ರೇಮ್ (ಸಾಲು) ಬಿಟ್ಟುಬಿಡಿ. ಅವು ಟ್ರೇಸ್ ಪ್ರಿಂಟ್ ಮಾಡುವ ಕೋಡ್, ಸಿಗ್ನಲ್ ಹಿಡಿಯುವ ಕೋಡ್, ಆಮೇಲೆ ಥ್ರೆಡ್‌ಗಳ ಲೈಬ್ರರಿ ಲಿಬ್‌ಪಿಥ್ರೆಡ್. ಅಸಲಿ ಕಥೆ ಅಲ್ಲಿಂದ ಕೆಳಗೆ. ನಮ್ಮದರಲ್ಲಿ ಮೊದಲು ಸಿ ಭಾಷೆಯ ಲೈಬ್ರರಿ ಲಿಬ್‌ಸಿ, ಅದರ ಕೆಳಗೆ ಪ್ಲಗಿನ್ ಫೋಲ್ಡರ್‌ನ ಒಂದು ಎಸ್‌ಒ (ಲೈಬ್ರರಿ) ಫೈಲ್, ಅದರ ಕೆಳಗೆ ಯುಡಿಎಫ್ (ಬಳಸುವವರೇ ಬರೆದು ಸೇರಿಸುವ ಫಂಕ್ಷನ್) ಅಂತ ಹೆಸರಿರುವ ಫಂಕ್ಷನ್, ಇನ್ನೂ ಕೆಳಗೆ ಪ್ರೊಸೆಸ್ ಟ್ರಿಗರ್ಸ್. ಎಲ್ಲರೂ ಟ್ರೇಸ್ ಕೆಳಗಿದ್ದ ಕ್ವೆರಿ ಮಾತ್ರ ನೋಡುತ್ತಿದ್ದರು. ಅದು ಸಾದಾ ಇನ್ಸರ್ಟ್, ಒಂದೊಂದು ಸಲ ಒಂದೊಂದು ಟೇಬಲ್. ಕೈಯಲ್ಲಿ ಎಷ್ಟು ಸಲ ಓಡಿಸಿದರೂ ಏನೂ ಆಗುತ್ತಿರಲಿಲ್ಲ.

ಆ ಟೇಬಲ್‌ಗಳಿಗೆಲ್ಲ ಒಂದೊಂದು ಬಿಫೋರ್ ಇನ್ಸರ್ಟ್ ಟ್ರಿಗರ್ (ಸಾಲು ಸೇರುವ ಮೊದಲು ತಾನಾಗಿ ಓಡುವ ಕೋಡ್) ಇತ್ತು. ಅದು ವಿಳಾಸದ ಸಾಲನ್ನು ಚೊಕ್ಕ ಮಾಡಲು ಒಂದು ಹಳೇ ಯುಡಿಎಫ್ ಕರೆಯುತ್ತಿತ್ತು. ಬರೆದವರು ಕೆಲಸ ಬಿಟ್ಟು ವರ್ಷಗಳಾಗಿವೆ. ಸೋರ್ಸ್‌ನ ಯಾವ ಸಾಲು ಅಂತ ಹುಡುಕಲು ಆಡ್‌ಆರ್ ಟು ಲೈನ್ ಹಾಕಿದರೆ ಬರೀ ಪ್ರಶ್ನೆ ಚಿಹ್ನೆಗಳು. ಡೀಬಗ್ ಸಿಂಬಲ್ ಇಲ್ಲ. ಕೋರ್ ಡಂಪ್ (ಬಿದ್ದ ಕ್ಷಣದ ಮೆಮೊರಿಯ ನಕಲು) ತೆಗೆಯೋಣ ಎಂದರೆ ಅಷ್ಟು ದೊಡ್ಡ ಬಫರ್ ಪೂಲ್‌ಗೆ ಡಿಸ್ಕ್‌ನಲ್ಲಿ ಜಾಗ ಇಲ್ಲ. ಸುಮ್ನೆ ಎನ್‌ಎಂ ಡ್ಯಾಶ್ ದೊಡ್ಡ ಡಿ ಓಡಿಸಿದೆ. ಆ ಫೈಲ್ ಹೊರಗಿನಿಂದ ಏನೇನು ಕೇಳುತ್ತದೆ ಅಂತ ಪಟ್ಟಿ ಬಂತು. ನಡುವೆ ಕೂತಿತ್ತು ಸ್ಟ್ರ್‌ಟಾಕ್, ಪಠ್ಯವನ್ನು ತುಂಡು ಮಾಡುವ ಸಿ ಫಂಕ್ಷನ್.

ಸ್ಟ್ರ್‌ಟಾಕ್ ತಾನು ಎಲ್ಲಿದ್ದೆ ಅನ್ನುವುದನ್ನು ಎಲ್ಲರಿಗೂ ಸೇರಿದ ಒಂದೇ ಸ್ಟ್ಯಾಟಿಕ್ ಪಾಯಿಂಟರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಎರಡು ಕನೆಕ್ಷನ್ ಒಟ್ಟಿಗೆ ಕರೆದರೆ ಒಬ್ಬರ ಪಾಯಿಂಟರ್ ಇನ್ನೊಬ್ಬರ ಬಫರ್‌ಗೆ. ಕನೆಕ್ಷನ್ ಇಳಿಸಿದಾಗ ಯಾಕೆ ಕಡಿಮೆ ಆಯ್ತು ಅಂತ ಈಗ ಗೊತ್ತಾಯ್ತಲ್ಲ. ರೆಪ್ಲಿಕಾ ಯಾಕೆ ಬೀಳಲಿಲ್ಲ? ಬದಲಾವಣೆಗಳನ್ನು ರೆಪ್ಲಿಕಾಗೆ ಮುಟ್ಟಿಸುವ ಬಿನ್‌ಲಾಗ್ ರೋ ಮೋಡ್‌ನಲ್ಲಿತ್ತು. ತಯಾರಾದ ಸಾಲುಗಳು ಮಾತ್ರ ಅಲ್ಲಿಗೆ ಹೋಗುತ್ತವೆ, ಟ್ರಿಗರ್ ಓಡುವುದೇ ಇಲ್ಲ. ಕುತೂಹಲಕ್ಕೆ ಟೆಸ್ಟ್ ಮಷಿನ್‌ನಲ್ಲಿ ಸ್ಟೇಟ್‌ಮೆಂಟ್ ಮೋಡ್ (ಕ್ವೆರಿಯನ್ನೇ ಕಳಿಸುವುದು) ಹಾಕಿದೆ. ಟ್ರಿಗರ್ ಓಡಿತು, ಆದರೂ ರೆಪ್ಲಿಕಾ ಬೀಳಲಿಲ್ಲ, ಯಾಕೆಂದರೆ ಅಲ್ಲಿ ಬರೆಯುವುದು ಒಂದೇ ಥ್ರೆಡ್. ಕೆಲಸಕ್ಕೆ ಬೇಕಿರದ ಪ್ರಯೋಗ, ಆದರೂ ನೋಡಿ ಖುಷಿಯಾಯ್ತು.

ಬಾಯಿಮಾತಿಗೆ ಯಾರೂ ಬಗ್ಗಲಿಲ್ಲ. ಹಾಗಾಗಿ ಎಲ್ಲರನ್ನೂ ಕೂರಿಸಿಕೊಂಡು ಟೆಸ್ಟ್ ಮಷಿನ್ ಮೇಲೆ ಲೋಡ್ ಹಾಕಿ ಪರೀಕ್ಷಿಸುವ ಮೈಎಸ್‌ಕ್ಯುಎಲ್‌ಸ್ಲ್ಯಾಪ್ ಬಿಟ್ಟೆ. ಕನ್ಕರೆನ್ಸಿ (ಒಟ್ಟಿಗೆ ಬರುವ ಕನೆಕ್ಷನ್) 1, ಊಟ ಮುಗಿಸಿ ಬಂದರೂ ಏನೂ ಇಲ್ಲ. 50ಕ್ಕೆ ಏರಿಸಿದೆ. ಐದು ನಿಮಿಷದೊಳಗೆ ಸಿಗ್ನಲ್ 11, ಅದೇ ಟ್ರೇಸ್! ಅಷ್ಟು ಬೇಗ ಬೀಳಿಸಲು ಡೇಟಾದಲ್ಲಿ ಒಂದು ಸಣ್ಣ ಕಿತಾಪತಿ ಮಾಡಿದ್ದೆ, ಅದು ನನ್ನ ಹತ್ತಿರವೇ ಇರಲಿ. ಕೊಟೇಶನ್ ಅವತ್ತೇ ವಾಪಸ್ ಹೋಯ್ತು.

ಹಳೇ ಸೋರ್ಸ್ ಯಾವುದೋ ಬ್ಯಾಕಪ್‌ನಲ್ಲಿ ಸಿಕ್ಕಿತು. ಸ್ಟ್ರ್‌ಟಾಕ್ ಜಾಗದಲ್ಲಿ ಕರೆದವರು ಕೊಟ್ಟ ಪಾಯಿಂಟರನ್ನೇ ಬಳಸುವ ಸ್ಟ್ರ್‌ಟಾಕ್_ಆರ್, ಜೊತೆಗೆ ಒಂದು ನಲ್ ಚೆಕ್. ನಾಲ್ಕೈದು ಸಾಲು ಅಷ್ಟೇ. ಹಾಕುವಾಗ ಮಾತ್ರ ಹುಷಾರು: ಓಡುತ್ತಿರುವ ಸರ್ವರ್‌ನ ಎಸ್‌ಒ ಫೈಲ್ ಮೇಲೆ ನೇರ ಕಾಪಿ ಮಾಡಿದರೆ ಸರ್ವರ್ ಅಲ್ಲೇ ಬೀಳಬಹುದು. ಡ್ರಾಪ್ ಫಂಕ್ಷನ್ ಮಾಡಿ, ಹೊಸ ಫೈಲ್ ಇಟ್ಟು, ಮತ್ತೆ ಕ್ರಿಯೇಟ್ ಮಾಡಿ. ನಡುವೆ ಆ ಟೇಬಲ್‌ಗಳಿಗೆ ಬರುವ ಇನ್ಸರ್ಟ್ ಎಲ್ಲ ಎರರ್ ಆಗುತ್ತವೆ, ಹಾಗಾಗಿ ಅಪ್ಲಿಕೇಶನ್ ಒಂದು ನಿಮಿಷ ನಿಲ್ಲಿಸಿಕೊಳ್ಳಿ.

ಮ್ಯಾಕ್ಸ್ ಕನೆಕ್ಷನ್ಸ್ ಹಳೇ ಅಂಕಿಗೆ ತಂದು ಆರು ತಿಂಗಳ ಮೇಲಾಯ್ತು, ಸಿಗ್ನಲ್ 11 ಮತ್ತೆ ಬಂದಿಲ್ಲ. ಆಮೇಲೆ ಮೈಎಸ್‌ಕ್ಯುಎಲ್ ಡೇಟಾಬೇಸ್‌ನ ಯುಡಿಎಫ್‌ಗಳ ಪಟ್ಟಿ ಇರುವ ಫಂಕ್ ಟೇಬಲ್ ತೆಗೆದು ನೋಡಿದರೆ ಇನ್ನೂ ಎರಡು ಯುಡಿಎಫ್ ಇದ್ದವು. ಒಂದರಲ್ಲಿ ಲೋಕಲ್‌ಟೈಮ್. ಅದೂ ಇದೇ ಜಾತಿ, ಎಲ್ಲರಿಗೂ ಒಂದೇ ಸ್ಟ್ಯಾಟಿಕ್ ಜಾಗ. ಯಾರೂ ಬಳಸುತ್ತಿರಲಿಲ್ಲ, ತೆಗೆದುಹಾಕಿದೆ.